ಹೊಗಳಿಕೆ ಸಾಕು, ಸಸಿಮಡಿ ತೋರಿಸಿ

ಪ್ರಿಯರೇ,

‘ಆಫ್ರಿಕಾದ ಹಸಿರು ತಾಯಂದಿರು’ ಲೇಖನ ಓದಿದೆ. ಈಗಿರುವಂತೆ ಪ್ರಕಟಿಸಲು ಬರುವುದಿಲ್ಲ. ಹಾಗೆಂದು ಬದಿಗಿಡುವ ಮನಸ್ಸೂ ಇಲ್ಲ.

ಮೊದಲ ಎರಡು ಪುಟ ಪೂರ್ತಿ ‘ಭೂತಾಯಿಯ ಮಗಳು’, ‘ತ್ಯಾಗಮಯಿ’ ಎಂಬ ಮಾತುಗಳೇ. ನೀವು ಹೊಗಳುವ ಈ ರೈತ ಮಹಿಳೆ ಯಾವ ಊರಿನವಳು, ಏನು ಬಿತ್ತುತ್ತಾಳೆ ಎಂಬುದು ಕೊನೆಯವರೆಗೂ ತಿಳಿಯುವುದಿಲ್ಲ. ಐವತ್ತಕ್ಕೂ ಹೆಚ್ಚು ದೇಶಗಳ ಭಾರವನ್ನು ಒಬ್ಬಳೇ ಹೆಂಗಸಿನ ತಲೆಗೆ ಕಟ್ಟಿದ್ದೀರಿ. ಕೀನ್ಯಾ ಒಂದನ್ನೇ ಹಿಡಿಯಿರಿ. ಐದನೆಯ ಪುಟದಲ್ಲಿ ಅಲ್ಲಿನ ಪರಿಸರ ಹೋರಾಟಗಾರ್ತಿ ವಂಗಾರಿ ಮಾಥಾಯ್ ಬಗ್ಗೆ ನಾಲ್ಕು ಸಾಲು ಬರೆದು ಮುಂದೆ ಓಡಿದ್ದೀರಲ್ಲ, ನಿಮ್ಮ ಲೇಖನ ಇರುವುದೇ ಅಲ್ಲಿ.

1977ರಲ್ಲಿ ಮಾಥಾಯ್ ಅವರ ಗ್ರೀನ್ ಬೆಲ್ಟ್ ಚಳವಳಿ, ಅಂದರೆ ಹಳ್ಳಿಯ ಹೆಂಗಸರು ಗಿಡ ನೆಡುವ ಚಳವಳಿ, ಹುಟ್ಟಿದ್ದು ಪರಿಸರಪ್ರೇಮದಿಂದ ಎಂದು ಬರೆದಿದ್ದೀರಿ. ಸೌದೆಯಿಂದ ಶುರು ಮಾಡಿ ನೋಡಿ. ಚಹಾ, ಕಾಫಿ ತೋಟಗಳಿಗಾಗಿ ಮರಗಳು ಉರುಳಿದ ಮೇಲೆ ಹಳ್ಳಿಯ ಹೆಂಗಸರಿಗೆ ಉರುವಲು ಸಿಗದಾಯಿತು. ಸೌದೆ ಉಳಿಸಲು ಬೇಗ ಬೇಯುವ, ಸತ್ವ ಕಡಿಮೆಯಾದ ಆಹಾರ ಒಲೆಯ ಮೇಲೆ ಬಂತು, ಮಕ್ಕಳು ಸೊರಗಿದರು. ಗಿಡ ನೆಡಿ ಎಂದು ಮಾಥಾಯ್ ಹೇಳಿದ್ದು ಇಂಥ ದೂರುಗಳನ್ನು ಕೇಳಿದ ಮೇಲೆ. ಒಲೆಯಿಂದ ಮರದವರೆಗಿನ ಈ ದಾರಿಯನ್ನು ಓದುಗ ನಿಧಾನವಾಗಿ ನಡೆಯಲಿ.

ಸಸಿ ಬೆಳೆಸಲು ತರಬೇತಿ ಪಡೆದವರೇ ಬೇಕೆಂದು ಅರಣ್ಯಾಧಿಕಾರಿಗಳು ಮೂಗು ಮುರಿದಾಗ ಈ ಹೆಂಗಸರು ಒಡೆದ ಮಡಕೆಗಳಲ್ಲಿ ಬೀಜ ಹಾಕಿ, ಕೋಳಿ ಕೆದಕದಷ್ಟು ಎತ್ತರದಲ್ಲಿಟ್ಟು ಸಸಿ ಎಬ್ಬಿಸಿದರು. ಬದುಕಿ ಉಳಿದ ಪ್ರತಿ ಸಸಿಗೂ ಅವರಿಗೆ ಕೆಲವು ಕಾಸು ಸಿಗುತ್ತಿತ್ತು. ನೆಟ್ಟು ಫೋಟೊ ತೆಗೆಸಿಕೊಂಡರೆ ಇಲ್ಲ, ಬದುಕಿದರೆ ಮಾತ್ರ. ನೀವು ಇದನ್ನು ‘ನಿಸ್ವಾರ್ಥ ಸೇವೆ’ ಎಂದಿದ್ದೀರಿ. ಹಣದ ಮಾತು ಬಂದರೆ ತ್ಯಾಗದ ತೂಕ ಇಳಿದೀತೆಂಬ ಅಂಜಿಕೆಯೇ? ಕೂಲಿ ಪಡೆದವಳ ಕೆಲಸ ಚಿಕ್ಕದಾಗುವುದಿಲ್ಲ.

ಒಂದು ತಪ್ಪು ತಿದ್ದಿ: ಮಾಥಾಯ್ ಅವರಿಗೆ ‘ಪರಿಸರದ ನೊಬೆಲ್’ ಬಂತೆಂದಿದ್ದೀರಿ, ಪರಿಸರಕ್ಕೆ ನೊಬೆಲ್ ಇಲ್ಲ. 2004ರಲ್ಲಿ ಅವರಿಗೆ ಬಂದದ್ದು ಶಾಂತಿ ಪ್ರಶಸ್ತಿ. ಏಕೆ ಶಾಂತಿ ಎಂಬುದಕ್ಕೆ 1989ರ ನೈರೋಬಿಗೆ ಹೋಗಿ. ಉಹುರು ಪಾರ್ಕಿನಲ್ಲಿ 60 ಮಹಡಿಯ ಕಟ್ಟಡ ಎಬ್ಬಿಸಲು ಹೊರಟ ಸರ್ಕಾರವನ್ನು ಅವರು ಎದುರು ಹಾಕಿಕೊಂಡರು. ಯೋಜನೆ ಕೊನೆಗೆ ಬಿದ್ದುಹೋಯಿತು.

ಜಮೀನಿನ ಪ್ರಶ್ನೆಯನ್ನು ನೀವು ಮುಟ್ಟಿಯೇ ಇಲ್ಲ, ನನಗೆ ಇದೇ ದೊಡ್ಡ ಕೊರತೆ. ಹೊಲದಲ್ಲಿ ಬೆವರು ಸುರಿಸುವವಳು ಹೆಂಡತಿ, ಪತ್ರ ಬಹುಪಾಲು ಗಂಡನ ಹೆಸರಿನಲ್ಲಿ. ಭೂಮಿಯ ವಿಷಯದಲ್ಲಿ ಹೆಣ್ಣು–ಗಂಡೆಂಬ ತಾರತಮ್ಯ ಹೋಗಬೇಕೆಂದು 2010ರ ಕೀನ್ಯಾ ಸಂವಿಧಾನ ಹೇಳಿದೆ. ಆದರೆ ರೂಢಿ ಕಾಗದಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ತಾನೇ ಬೆಳೆಸಿದ ಮರವನ್ನು ಕಡಿಯುವಾಗ ಆಕೆಯ ಮಾತು ನಡೆಯುತ್ತದೆಯೇ? ಇದಕ್ಕೆ ಒಂದು ಪುಟ ಕೊಡಿ.

‘ನಮ್ಮ ರೈತ ಮಹಿಳೆಯರೂ ಪಾಠ ಕಲಿಯಲಿ’ ಎಂಬ ಕೊನೆಯ ಪ್ಯಾರಾ ಬೇಡ. ನಂಟು ಬೇಕೇ ಬೇಕೆಂದರೆ ರಾಗಿ ಇದೆ: ಅದರ ತವರು ಪೂರ್ವ ಆಫ್ರಿಕಾದ ಎತ್ತರದ ಸೀಮೆ, ಕೀನ್ಯಾದಲ್ಲಿ ಇಂದಿಗೂ ಅದರ ಗಂಜಿ ಕಾಯಿಸುತ್ತಾರೆ. ಅದೂ ಎರಡೇ ಸಾಲು.

ಸಾವಿರದ ಇನ್ನೂರು ಪದಗಳೊಳಗೆ ಮತ್ತೆ ಬರೆದು ಕಳಿಸಿ. ವಿಶೇಷಣಗಳನ್ನು ಕಿತ್ತರೆ ಬೇಕಾದಷ್ಟು ಜಾಗ ಸಿಗುತ್ತದೆ.

— ಸಂಪಾದಕ