‘ಬೇರೆಯವರು ಮಾಡಿದ್ದನ್ನೂ ಹೇಳಬೇಕಾ, ಸಿಸ್ಟರ್?’

(ಹೆಸರು, ವಯಸ್ಸು, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆಯ 23ನೇ ಕಲಂ ಪ್ರಕಾರ ಮಗುವಿನ ಹೆಸರು, ಮನೆ, ಶಾಲೆ ಯಾವುದೂ ಬಯಲಾಗುವಂತಿಲ್ಲ. ಹಾಗಾಗಿ ಕೋಲಾರ ಜಿಲ್ಲೆ ಅನ್ನುವುದನ್ನಷ್ಟೇ ಉಳಿಸಿಕೊಂಡಿದ್ದೇನೆ.)

ಅದೊಂದು ಕಥೋಲಿಕ ಪ್ರಾಥಮಿಕ ಶಾಲೆ. ಹುಡುಗಿ ಮೂರನೇ ಕ್ಲಾಸು. ಪುಟ್ಟಿ ಅಂತ ಕರೆಯೋಣ. ಆ ವರ್ಷ ಮೊದಲ ಪರಮಪ್ರಸಾದಕ್ಕೆ, ಅಂದರೆ ಚರ್ಚಿನ ಪೂಜೆಯಲ್ಲಿ ಮೊದಲ ಸಲ ಪವಿತ್ರ ರೊಟ್ಟಿ ಸ್ವೀಕರಿಸುವುದಕ್ಕೆ, ತಯಾರಾಗುತ್ತಿದ್ದ ಮಕ್ಕಳಲ್ಲಿ ಅವಳೂ ಒಬ್ಬಳು. ಅದಕ್ಕೆ ಮುಂಚೆ ಮೊದಲ ಪಾಪನಿವೇದನೆ ಇರುತ್ತದೆ, ಮಾಡಿದ ತಪ್ಪುಗಳನ್ನು ಫಾದರ್ ಹತ್ತಿರ ಹೇಳಿಕೊಳ್ಳುವುದು. ಮರೆತುಹೋಗದಿರಲಿ ಅಂತ ಮಕ್ಕಳು ಒಂದು ಪಟ್ಟಿ ಬರೆದಿಟ್ಟುಕೊಳ್ಳುತ್ತಾರೆ. ತಮ್ಮನಿಗೆ ಹೊಡೆದೆ. ಅಮ್ಮನಿಗೆ ಸುಳ್ಳು ಹೇಳಿದೆ. ಪ್ರಾರ್ಥನೆ ಟೈಮಲ್ಲಿ ನಕ್ಕೆ. ಪುಟ್ಟಿಯ ಪಟ್ಟಿಯಲ್ಲೂ ಇಂಥವೇ ಇದ್ದವು. ನಾಲ್ಕನೇ ಸಾಲು ಮಾತ್ರ ಇರಲಿಲ್ಲ. ಬರೆದು, ರಬ್ಬರಿನಿಂದ ಉಜ್ಜಿ, ಮತ್ತೆ ಬರೆದು, ಮತ್ತೆ ಉಜ್ಜಿ ಆ ಜಾಗದಲ್ಲಿ ಹಾಳೆ ತೂತು ಬಿದ್ದಿತ್ತು.

ಧರ್ಮೋಪದೇಶ ಹೇಳಿಕೊಡುವ ಸಿಸ್ಟರ್ ಅದನ್ನು ನೋಡಿದರು, ಏನೂ ಕೇಳಲಿಲ್ಲ. ಬೆಲ್ ಹೊಡೆದ ಮೇಲೆ ಪುಟ್ಟಿಯೇ ಬಂದಳು. ‘ಸಿಸ್ಟರ್, ಬೇರೆಯವರು ಮಾಡಿದ್ದನ್ನೂ ಫಾದರ್ ಹತ್ರ ಹೇಳಬೇಕಾ?’

‘ಯಾರು ಮಾಡಿದ್ದು ಮಗಾ?’

‘ವ್ಯಾನ್ ಅಂಕಲ್.’

ಮನೆಗಳೆಲ್ಲ ಮುಗಿದ ಮೇಲೆ ಮುಂದಿನ ಸೀಟಿಗೆ ಬಾ ಅಂತಾನೆ, ಮುಟ್ಟಬಾರದ ಕಡೆ ಮುಟ್ಟುತ್ತಾನೆ, ಹೇಳಿದರೆ ಅಮ್ಮನಿಗೆ ಬೈಗುಳ ಬೀಳುತ್ತೆ ಅಂತಾನೆ. ಇಷ್ಟನ್ನು ಅವಳೇ ಹೇಳಿದಳು. ಸಿಸ್ಟರ್ ಇನ್ನೇನೂ ಕೆದಕಲಿಲ್ಲ. ‘ನೀನು ಹೇಳಿದ್ದು ಒಳ್ಳೇದಾಯ್ತು. ಇದು ನಿನ್ನ ತಪ್ಪಲ್ಲ’ ಅಂದರು. ಯಾರಿಗೂ ಹೇಳಲ್ಲ ಅಂತ ಮಾತು ಕೊಡಲಿಲ್ಲ. ಆಮೇಲೆ ಕೂತು, ಮಗು ಆಡಿದ ಮಾತನ್ನು ಆಡಿದ ಹಾಗೆಯೇ ಬರೆದಿಟ್ಟು, ಮುಖ್ಯೋಪಾಧ್ಯಾಯಿನಿಗೆ ತಿಳಿಸಿದರು. ಅಲ್ಲಿಂದ ಆಪ್ತಸಮಾಲೋಚಕಿಯಾದ ನನಗೆ ಫೋನ್ ಬಂತು. ತರಬೇತಿ ಪಡೆದ ಎಷ್ಟೋ ಜನ ಇಷ್ಟು ಚೊಕ್ಕವಾಗಿ ಮಾಡುವುದಿಲ್ಲ.

ಶಾಲೆಗೆ ಮೊದಲು ಕಾಡಿದ್ದು ಗುಟ್ಟಿನ ಪ್ರಶ್ನೆ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರುಗಳು, ಅಂದರೆ ಫಾದರ್, ಯಾರಿಗೂ, ಯಾವ ಕಾರಣಕ್ಕೂ ಹೇಳುವಂತಿಲ್ಲ. ಅದು ಕಥೋಲಿಕ ಧರ್ಮಸಭೆಯ ನಿಯಮ. ಆದರೆ ಪುಟ್ಟಿ ಇದನ್ನು ಹೇಳಿದ್ದು ಕ್ಲಾಸ್ ರೂಮಿನಲ್ಲಿ, ಸಿಸ್ಟರ್‌ಗೆ. ಆ ಗುಟ್ಟಿನ ನಿಯಮ ಇದಕ್ಕೆ ಅನ್ವಯಿಸುವುದೇ ಇಲ್ಲ. ಇನ್ನು ಪೋಕ್ಸೊ 19ನೇ ಕಲಂ ನೇರವಾಗಿದೆ. ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಖಾತ್ರಿಯಾಗುವ ತನಕ ಕಾಯಬೇಕಿಲ್ಲ, ಅನುಮಾನ ಬಂದರೂ ಸಾಕು. ತಿಳಿಸದಿದ್ದರೆ 21ನೇ ಕಲಂ ಪ್ರಕಾರ 6 ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಒಳ್ಳೆ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸು ಬೀಳುವುದಿಲ್ಲ.

‘ಮೊದಲು ನಾವೇ ಅವನನ್ನ ಕರೆಸಿ ಕೇಳಿ ನೋಡೋಣವಾ?’ ಅಂದರು ಆಡಳಿತ ಮಂಡಳಿಯವರೊಬ್ಬರು. ಬೇಡ ಅಂದೆ. ಕರೆಸಿ ಕೇಳಿದರೆ ಅವನು ಇಲ್ಲ ಅನ್ನುತ್ತಾನೆ, ಸಂಜೆಗೆ ಊರಿಗೆಲ್ಲ ಗೊತ್ತಾಗುತ್ತದೆ, ಮಗು ಬಾಯಿ ಮುಚ್ಚುತ್ತದೆ. ವಿಚಾರಣೆ ಶಾಲೆಯ ಕೆಲಸವಲ್ಲ. ‘ವ್ಯಾನ್ ನಮ್ಮದಲ್ಲವಲ್ಲ, ಪೋಷಕರೇ ಗೊತ್ತು ಮಾಡಿಕೊಂಡಿದ್ದು’ ಅನ್ನುವ ಮಾತೂ ಬಂತು. ಮಾತು ನಿಜ. ಆದರೆ ಕಾಯ್ದೆ ವ್ಯಾನ್ ಯಾರದು ಅಂತ ಕೇಳುವುದಿಲ್ಲ, ವಿಷಯ ಯಾರಿಗೆ ಗೊತ್ತಾಯಿತು ಅಂತ ಕೇಳುತ್ತದೆ.

ಮನೆಯವರನ್ನು ಅವತ್ತೇ ಕರೆಸಿದೆವು. ಅಪ್ಪ ಟೊಮೆಟೊ ಮಂಡಿಯಲ್ಲಿ ಕೆಲಸ, ಕತ್ತಲಿರುವಾಗಲೇ ಹೊರಡುತ್ತಾರೆ. ಅಮ್ಮ ನರಸಾಪುರದ ಕಂಪನಿಯೊಂದರಲ್ಲಿ, ಶಿಫ್ಟ್ ಲೆಕ್ಕ. ಸಂಜೆ ಮಗುವನ್ನು ಇಳಿಸಿಕೊಳ್ಳುವವರು ಅಜ್ಜಿ. ಪುಟ್ಟಿಯ ಮನೆಯೇ ಕೊನೇ ಸ್ಟಾಪು.

ಅಪ್ಪ ಕೇಳಿದ ಕೂಡಲೇ ಎದ್ದು ನಿಂತರು. ‘ಮಂಡಿ ಹುಡುಗರನ್ನ ಕರ್ಕೊಂಡು ಹೋಗ್ತೀನಿ, ಅವನ ಕೈಕಾಲು ಮುರೀತೀನಿ’ ಅಂದರು. ನಾನು ಕಾನೂನಿನ ಮಾತು ಎತ್ತಲಿಲ್ಲ. ‘ನೀವು ಹೊಡೆದು ಸ್ಟೇಷನ್ನಲ್ಲಿ ಕೂತರೆ, ನಾನು ಹೇಳಿದ್ದಕ್ಕೇ ಅಪ್ಪ ಜೈಲಿಗೆ ಹೋದ ಅಂತ ಅವಳು ಅಂದುಕೊಳ್ಳುತ್ತಾಳೆ. ಇನ್ನು ಜನ್ಮದಲ್ಲಿ ನಿಮ್ಮ ಹತ್ರ ಏನೂ ಹೇಳಲ್ಲ’ ಅಂದೆ. ಕೂತರು.

ಅಜ್ಜಿ ಕಷ್ಟವಾದರು. ‘ಮೇಡಂ, ಅವನು ನಮ್ಮ ಚರ್ಚಿನವನೇ. ಹಬ್ಬಕ್ಕೆ ತೇರಿಗೆ ಹೆಗಲು ಕೊಡೋನು. ಅವನಿಗೂ ಹೆಂಡ್ತಿ ಮಕ್ಕಳವ್ರೆ. ಏಳೆಪ್ಪತ್ತು ಸಲ ಕ್ಷಮಿಸು ಅಂತ ಯೇಸುಸ್ವಾಮಿನೇ ಹೇಳಿಲ್ವಾ? ಪೊಲೀಸು ಗಿಲೀಸು ಅಂದ್ರೆ ನಮ್ಮ ಮಗೀನ ಹೆಸರೂ ಹೋಯ್ತದೆ. ಫಾದರ್ ಹತ್ರ ಹೇಳಿ ಅವನಿಗೆ ಬುದ್ಧಿ ಹೇಳಿಸೋಣ.’

ಅವರನ್ನು ದಡ್ಡಿ ಅನ್ನುವಂತಿಲ್ಲ. ಜಪಮಾಲೆ ಹಿಡಿದು ಮೊಮ್ಮಗಳನ್ನು ಸಾಕಿದ ಹೆಂಗಸು ಅದು. ಬೈಬಲ್ ವಿಷಯದಲ್ಲಿ ನನ್ನ ಮಾತಿಗೆ ಅವರ ಮುಂದೆ ತೂಕವೂ ಇಲ್ಲ. ಅದಕ್ಕೆ ಅವರ ಚರ್ಚಿನ ಗುರುಗಳನ್ನೇ ಬರಹೇಳಿದೆವು. ಅವರು ಅಜ್ಜಿಯ ಮಾತನ್ನು ಅಲ್ಲಗಳೆಯಲಿಲ್ಲ. ಮತ್ತಾಯನ ಶುಭಸಂದೇಶ ತೆಗೆದರು. ಏಳೆಪ್ಪತ್ತು ಸಲದ ಮಾತು 18ನೇ ಅಧ್ಯಾಯದ 22ನೇ ವಚನ. ಅದೇ ಅಧ್ಯಾಯದ 6ನೇ ವಚನವನ್ನೂ ಓದಿದರು. ಈ ಚಿಕ್ಕವರಲ್ಲಿ ಒಬ್ಬರಿಗೆ ಅಡ್ಡಿಯಾದವನ ಕೊರಳಿಗೆ ಬೀಸುವ ಕಲ್ಲು ಕಟ್ಟಿ ಸಮುದ್ರಕ್ಕೆ ಹಾಕುವುದೇ ಲೇಸು ಅನ್ನುವ ಮಾತು. ‘ಕ್ಷಮಿಸೋದು ಬಿಡೋದು ಪುಟ್ಟಿಗೆ ಸೇರಿದ್ದು. ದೊಡ್ಡವಳಾದ ಮೇಲೆ ಅವಳು ಯೋಚಿಸಲಿ. ನಾನು, ನೀವು ಅವಳ ಪರವಾಗಿ ಕ್ಷಮಿಸೋಕೆ ಬರಲ್ಲ’ ಅಂದರು. ಅಜ್ಜಿ ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಪೊಲೀಸ್ನೋರು ಮಗೀನ ಸ್ಟೇಷನ್ಗೆ ಕರ್ಕೊಂಡೋಗ್ತಾರಾ?’ ಅಂತ ಕೇಳಿದರು. ಒಪ್ಪಿದರು ಅಂತ ಗೊತ್ತಾಯಿತು.

ಅವರು ಒಪ್ಪದಿದ್ದರೂ ನಾನು ತಿಳಿಸಲೇಬೇಕಿತ್ತು. ಅದನ್ನು ಮೊದಲೇ ಹೇಳಿದ್ದೆ. ಪೋಕ್ಸೊದಲ್ಲಿ ರಾಜಿ ಪಂಚಾಯ್ತಿಗೆ ಜಾಗವಿಲ್ಲ. ಆದರೆ ಮನೆಯವರು ಮುನಿಸಿಕೊಂಡು ಬರುವುದಕ್ಕೂ ಒಪ್ಪಿ ಜೊತೆಗೆ ಬರುವುದಕ್ಕೂ ಮಗುವಿಗೆ ತುಂಬಾ ವ್ಯತ್ಯಾಸವಿದೆ.

ಅಮ್ಮ ಅಷ್ಟೂ ಹೊತ್ತು ಸುಮ್ನೆ ಕೂತಿದ್ದರು. ಕೊನೆಗೆ ಕೇಳಿದ್ದು ಒಂದೇ. ‘ನಾನು ಕೆಲಸ ಬಿಡಬೇಕಾ ಮೇಡಂ?’ ಇಂಥದ್ದು ಏನಾದರೂ ಆದರೆ ಎಲ್ಲರ ಕಣ್ಣೂ ಅಮ್ಮನ ಕಡೆಗೇ ತಿರುಗುತ್ತದೆ, ಅಲ್ವಾ? ಬಿಡಬೇಡಿ ಅಂದೆ. ನೀವು ಕೆಲಸ ಬಿಟ್ಟರೆ ತನ್ನಿಂದ ಮನೆಯಲ್ಲಿ ಏನೋ ಮುರಿಯಿತು ಅಂತ ಪುಟ್ಟಿ ಲೆಕ್ಕ ಹಾಕುತ್ತಾಳೆ.

ಮನೆಗೆ ಕೊಟ್ಟ ಸಲಹೆ

ಮತ್ತೆ ಮತ್ತೆ ಕೇಳಬೇಡಿ. ಅಜ್ಜಿ ಒಂದು ಸಲ, ಅತ್ತೆ ಒಂದು ಸಲ, ಪಕ್ಕದ ಮನೆಯವರು ಒಂದು ಸಲ ಕೇಳಿದರೆ ಮಗು ಪ್ರತಿ ಸಲವೂ ಅದನ್ನೇ ಅನುಭವಿಸುತ್ತದೆ. ಹೇಳಿಕೆಯೂ ಹಾಳಾಗುತ್ತದೆ. ಅವಳಾಗಿ ಹೇಳಿದರೆ ಕೇಳಿಸಿಕೊಳ್ಳಿ. ‘ಮೊದಲೇ ಯಾಕೆ ಹೇಳಲಿಲ್ಲ?’ ಅನ್ನುವ ಪ್ರಶ್ನೆ ಬಾಯಿಗೆ ಬಂದರೂ ನುಂಗಿಕೊಳ್ಳಿ.

ಪೊಲೀಸರ ಭಯಕ್ಕೆ 24ನೇ ಕಲಂ ಓದಿ ಹೇಳಿದೆ. ಹೇಳಿಕೆಯನ್ನು ಮನೆಯಲ್ಲೋ ಮಗುವಿಗೆ ಒಪ್ಪುವ ಬೇರೆ ಜಾಗದಲ್ಲೋ ಪಡೆಯಬೇಕು. ಆದಷ್ಟೂ ಸಬ್‌ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿ ಬರಬೇಕು, ಯೂನಿಫಾರ್ಮ್ ಹಾಕಿರಬಾರದು. ವೈದ್ಯಕೀಯ ಪರೀಕ್ಷೆ ಬೇಕಾದರೆ ಹುಡುಗಿಗೆ ಮಹಿಳಾ ಡಾಕ್ಟರೇ, ಅಪ್ಪ ಅಮ್ಮನೋ ಮಗು ನಂಬುವವರೋ ಎದುರಿಗಿರಬೇಕು. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ವರದಿ ಕೊಡಬೇಕು. ಸಮಿತಿ ಒಬ್ಬ ಬೆಂಬಲ ವ್ಯಕ್ತಿಯನ್ನು ಕೊಡುತ್ತದೆ, ಕೋರ್ಟು ಮುಗಿಯುವ ತನಕ ಅವರು ಜೊತೆಗಿರುತ್ತಾರೆ. ಗಾಬರಿಯಾದಾಗ ಯಾರಿಗೆ ಫೋನ್ ಮಾಡುವುದು ಅಂತ ತೋಚದಿದ್ದರೆ ಮಕ್ಕಳ ಸಹಾಯವಾಣಿ 1098.

ಮೊದಲ ಪರಮಪ್ರಸಾದವನ್ನು ಮುಂದಿನ ವರ್ಷಕ್ಕೆ ಹಾಕೋಣ ಅಂದರು ಮನೆಯವರು. ಬೇಡವೇ ಬೇಡ ಅಂದೆ. ಬೇರೆ ಮಕ್ಕಳೆಲ್ಲ ಬಿಳಿ ಬಟ್ಟೆ ಹಾಕಿಕೊಂಡು ಸಾಲಿನಲ್ಲಿ ನಿಂತಾಗ ಇವಳೊಬ್ಬಳನ್ನು ಬಿಟ್ಟರೆ, ನೀನು ಕೆಟ್ಟವಳು ಅಂತ ಹೇಳಿದ ಹಾಗೆಯೇ. ಪಾಪದ ಮಾತನ್ನು ಸಿಸ್ಟರ್ ಅವಳಿಗೆ ಅರ್ಥವಾಗುವ ಹಾಗೆ ಹೇಳಿದರು. ಗೊತ್ತಿದ್ದೂ, ಬೇಕು ಅಂತಲೇ ಮಾಡಿದರೆ ಮಾತ್ರ ಅದು ನಿನ್ನದು. ಇದು ನಿನಗೆ ಬೇಕಿರಲಿಲ್ಲ, ನೀನು ಮಾಡಲೂ ಇಲ್ಲ. ಪಟ್ಟಿಯಲ್ಲಿ ಇದಕ್ಕೆ ಜಾಗವಿಲ್ಲ. ಧರ್ಮಸಭೆಯ ಬೋಧನೆಯೂ ಅದೇ. ನನ್ನ ಮೂರು ಸೆಷನ್‌ಗಿಂತ ಈ ಮಾತು ಅವಳಿಗೆ ಹೆಚ್ಚು ನೆಮ್ಮದಿ ಕೊಟ್ಟಿರಬೇಕು.

ಶಾಲೆಗೆ ಕೊಟ್ಟ ಸಲಹೆ

ಪೋಷಕರೇ ಮಕ್ಕಳ ಮೊದಲ ಶಿಕ್ಷಕರು ಅಂತ 1965ರಲ್ಲಿ ಕಥೋಲಿಕ ಬಿಷಪ್ಪರ ಮಹಾಸಭೆಯಾದ ಎರಡನೇ ವ್ಯಾಟಿಕನ್ ಸಭೆ ಹೇಳಿತ್ತು. ಈ ಶಾಲೆಯ ಡೈರಿಯಲ್ಲೂ ಆ ಸಾಲು ಅಚ್ಚಾಗಿದೆ. ಆದರೆ ಪೋಷಕರು ಶಾಲೆಗೆ ಬರುವುದು ಫೀಸಿಗೆ, ಪ್ರೋಗ್ರೆಸ್ ಕಾರ್ಡಿಗೆ. ದೊಡ್ಡವರ ಮಾತು ಕೇಳು ಅಂತ ಮನೆಯಲ್ಲಿ, ಶಾಲೆಯಲ್ಲಿ, ಚರ್ಚಿನಲ್ಲಿ ಮೂರೂ ಕಡೆ ಹೇಳುತ್ತಾರೆ. ಯಾವಾಗ ಕೇಳಬಾರದು ಅಂತ ಒಂದು ಕಡೆಯೂ ಹೇಳುವುದಿಲ್ಲ. ನನ್ನ ಪ್ರಕಾರ ಶಾಲೆ, ಮನೆ ಸೇರಿ ಮಾಡಬೇಕಾದ ಮೊದಲ ಕೆಲಸ ಇದೇ. ಬೈಬಲಿನ ಹತ್ತು ಕಟ್ಟಳೆಗಳಲ್ಲಿ ನಾಲ್ಕನೆಯದನ್ನು ಪಾಠ ಮಾಡುವ ದಿನವೇ ಅದನ್ನೂ ಹೇಳಿ ಅಂದೆ. ತಂದೆತಾಯಿಯನ್ನು ಗೌರವಿಸು ಅಂದರೆ ವ್ಯಾನ್ ಅಂಕಲ್ ಹೇಳಿದ್ದಕ್ಕೆಲ್ಲ ತಲೆಯಾಡಿಸು ಅಂತಲ್ಲ. ಬೇಡ ಅನ್ನಬಹುದು, ಓಡಬಹುದು, ಹೇಳಬಹುದು.

ಈ ಪಾಠ ಧರ್ಮೋಪದೇಶದ ಕ್ಲಾಸಿನಲ್ಲಿ ಮಾತ್ರ ಇದ್ದರೆ ಸಾಲದು. ಈ ಶಾಲೆಯಲ್ಲಿ ಹಿಂದೂ, ಮುಸ್ಲಿಂ ಮಕ್ಕಳೇ ಜಾಸ್ತಿ. ಸಂವಿಧಾನದ 28(3)ನೇ ವಿಧಿಯಂತೆ ಪೋಷಕರ ಒಪ್ಪಿಗೆಯಿಲ್ಲದೆ ಅವರನ್ನು ಧಾರ್ಮಿಕ ಪಾಠಕ್ಕೆ ಕೂರಿಸುವಂತಿಲ್ಲ. ಬೇರೆ ಧರ್ಮದ ಮಕ್ಕಳ ಮೇಲೆ ಕ್ರೈಸ್ತ ಆಚರಣೆ ಹೇರಬೇಡಿ ಅಂತ ಕಥೋಲಿಕ ಬಿಷಪ್ಪರ ಮಂಡಳಿಯೂ 2024ರಲ್ಲಿ ತನ್ನ ಶಾಲೆಗಳಿಗೆ ಹೇಳಿದೆ. ಹಾಗಾಗಿ ಸುರಕ್ಷತೆಯ ಪಾಠ ನೀತಿಬೋಧೆಯ ಪೀರಿಯಡ್‌ಗೆ ಬಂತು, ಎಲ್ಲ ಮಕ್ಕಳಿಗೂ. ಮಕ್ಕಳ ಪಾಪನಿವೇದನೆ ಮುಚ್ಚಿದ ಕೋಣೆಯಲ್ಲಿ ಬೇಡ, ಮಾತು ಕೇಳಿಸದಷ್ಟು ದೂರದಲ್ಲಿ, ಎಲ್ಲರ ಕಣ್ಣಿಗೆ ಬೀಳುವ ಕಡೆ ನಡೆಯಲಿ ಅಂದೆ. ಗುರುಗಳು ತಕ್ಷಣ ಒಪ್ಪಿದರು.

ಪೋಷಕರ ಸಭೆಯಲ್ಲಿ ಮಗುವಿನ ಸುಳಿವು ಕೊಡದೆ ವ್ಯಾನಿನ ವಿಷಯ ಮಾತ್ರ ಇಟ್ಟೆವು. ಯಾರ ವ್ಯಾನೇ ಆಗಲಿ, ಒಬ್ಬ ಆಯಾ ಇರಬೇಕು, ಕೊನೇ ಮಗು ಇಳಿಯುವ ತನಕ ಅವರು ಇಳಿಯಬಾರದು, ಮುಂದಿನ ಸೀಟಿನಲ್ಲಿ ಮಕ್ಕಳು ಬೇಡ. ಎಲ್ಲರೂ ಹೂಂ ಅಂದರು. ಆಯಾ ಸಂಬಳ ಯಾರು ಕೊಡೋದು ಅಂತ ಬಂದಾಗ ಗಲಾಟೆ. ಕೊನೆಗೆ ಅರ್ಧ ಶಾಲೆ, ಅರ್ಧ ಪೋಷಕರು ಅಂತಾಯಿತು.

ಕೇಸು ವಿಶೇಷ ನ್ಯಾಯಾಲಯದಲ್ಲಿದೆ. ಪುಟ್ಟಿ ತನ್ನ ಗುಂಪಿನ ಜೊತೆಯಲ್ಲೇ ಪರಮಪ್ರಸಾದ ತೆಗೆದುಕೊಂಡಳು. ಈಗ ಬೇರೆ ವ್ಯಾನಿನಲ್ಲಿ ಬರುತ್ತಾಳೆ, ನಡುವಿನ ಸೀಟೇ ಬೇಕು ಅಂತಾಳೆ.

ಆ ಡ್ರೈವರನ ಮಗನೂ ಇದೇ ಶಾಲೆಯಲ್ಲಿ ಒಂದನೇ ಕ್ಲಾಸು. ಅರೆಸ್ಟ್ ಆದ ಮೇಲೆ ಅವನಿಗೆ ಟಿ.ಸಿ. ಕೊಟ್ಟು ಕಳಿಸಿ ಅಂತ ಕೆಲವು ಪೋಷಕರು ಪಟ್ಟು ಹಿಡಿದರು. ಕೊಡಬೇಡಿ ಅಂದೆ, ಮುಖ್ಯೋಪಾಧ್ಯಾಯಿನಿ ಕೊಡಲಿಲ್ಲ. ಇಬ್ಬರ ಕ್ಲಾಸು ಬೇರೆ ಬೇರೆ ಮಹಡಿಯಲ್ಲಿದೆ, ಊಟದ ಬಿಡುವನ್ನೂ ಬೇರೆ ಮಾಡಿದ್ದೇವೆ. ಅವನೂ ಈಗ ವಾರಕ್ಕೊಮ್ಮೆ ನನ್ನ ಹತ್ತಿರ ಬರುತ್ತಾನೆ.