45 ನಿಮಿಷದಲ್ಲಿ ಕಾಫಿ ಹಣ್ಣು ಎಲ್ಲಿಂದ ಬಂದೀತು? ವೃತ್ತ ಎಳೆಯುವ ಮುಂಚೆ

ಅಣ್ಣ, ಮೂಡಿಗೆರೆಯ ಪಲ್ಪಿಂಗ್ (ಹಣ್ಣಿನ ಸಿಪ್ಪೆ ಬಿಡಿಸುವ) ಘಟಕಕ್ಕೆ 45 ನಿಮಿಷದೊಳಗೆ ಕಾಫಿ ಹಣ್ಣು ತರಬಹುದಾದ ತೋಟಗಳು ಎಲ್ಲಿವರೆಗೆ ಸಿಗುತ್ತವೆ, ರಸ್ತೆ ಡೇಟಾ ಕೊಳ್ಳದೆ ಮ್ಯಾಪಿನಲ್ಲಿ 20 ಕಿಮೀ ವೃತ್ತ ಎಳೆದರೆ ಸಾಕಾ ಎಂದು ಕೇಳಿದ್ದೀರಿ. ಮಲೆನಾಡಿನಲ್ಲಿ ಸಾಕಾಗುವುದಿಲ್ಲ. ಕೊಯ್ದ ಹಣ್ಣನ್ನು ಅದೇ ದಿನ ಪಲ್ಪ್ ಮಾಡಬೇಕಲ್ವಾ, ಹಾಗಾಗಿ ಇಲ್ಲಿ ತಪ್ಪಿದರೆ ನಷ್ಟ.

ಮೊದಲು ಒಂದು ಸುಲಭದ ಅಳತೆ. ಮೂಡಿಗೆರೆಯಿಂದ ಚಿಕ್ಕಮಗಳೂರಿಗೆ ನೇರ ಗೆರೆಯಲ್ಲಿ ಸುಮಾರು 25 ಕಿಮೀ, ರಸ್ತೆಯಲ್ಲಿ ಸುಮಾರು 30. ಅಂದರೆ 1.2 ಪಟ್ಟು. ಅದೇ ಕಳಸಕ್ಕೆ ನೇರ ಸುಮಾರು 33, ಕೊಟ್ಟಿಗೆಹಾರದ ಮೇಲೆ ಹೋದರೆ 60ರ ಹತ್ತಿರ. 1.8 ಪಟ್ಟು! ಲೋಡ್ ತುಂಬಿದ ಪಿಕಪ್ ಗಂಟೆಗೆ 30 ಕಿಮೀ ಓಡುತ್ತದೆ ಎಂದುಕೊಳ್ಳಿ. 45 ನಿಮಿಷಕ್ಕೆ 22.5 ಕಿಮೀ ರಸ್ತೆ. ಚಿಕ್ಕಮಗಳೂರಿನ ಕಡೆ ಅದು ನೇರ ಗೆರೆಯಲ್ಲಿ ಸುಮಾರು 19 ಕಿಮೀ, ಕಳಸದ ಕಡೆ ಬರೀ 12.5. ಒಂದೇ ವೃತ್ತ ಎರಡೂ ಕಡೆಗೆ ಹೊಂದುವುದು ಹೇಗೆ? ಎಂಟು ದಿಕ್ಕಿಗೂ ಪರಿಚಯದ ಒಂದೊಂದು ಊರು ಹಿಡಿದು ಈ ಪಟ್ಟು ತೆಗೆಯಿರಿ, 22.5 ಅನ್ನು ಅದರಿಂದ ಭಾಗಿಸಿ ಅಷ್ಟು ದೂರಕ್ಕೆ ಒಂದು ಚುಕ್ಕಿ ಇಡಿ. ಆ ಎಂಟು ಚುಕ್ಕಿ ಸೇರಿಸಿದರೆ ಸೊಟ್ಟ ಆಕಾರ ಬರುತ್ತದೆ. ಎಷ್ಟೋ ಸಲ ಅಷ್ಟೇ ಸಾಕು.

ಇನ್ನೂ ಸರಿಯಾಗಿ ಬೇಕಿದ್ದರೆ ಕ್ಯೂಜಿಐಎಸ್‌ನಲ್ಲಿ ರಾಸ್ಟರ್ ಮಾಡಿ, ಅಂದರೆ ಮ್ಯಾಪನ್ನು ಸಣ್ಣ ಚೌಕಗಳಾಗಿ ಒಡೆಯಿರಿ. ಅದು ಉಚಿತ ಮ್ಯಾಪ್ ತಂತ್ರಾಂಶ. ಉಪಗ್ರಹ ಚಿತ್ರ ನೋಡಿ ಟಾರ್ ರಸ್ತೆ, ಮಣ್ಣು ರಸ್ತೆಗಳನ್ನು ನೀವೇ ಗೆರೆ ಎಳೆಯಿರಿ. ಒನ್‌ವೇ, ಜಂಕ್ಷನ್ ಯಾವುದೂ ಬೇಡ. ಮ್ಯಾಪನ್ನು ಯುಟಿಎಂ (ಮೀಟರಿನಲ್ಲಿ ಅಳೆಯುವ ನಕ್ಷೆ ಪದ್ಧತಿ) 43 ಉತ್ತರ ವಲಯಕ್ಕೆ ಬದಲಿಸಿ, ಇಲ್ಲದಿದ್ದರೆ ಚೌಕದ ಅಳತೆ ಮೀಟರಿನಲ್ಲಿ ಸಿಗದು. 30 ಮೀಟರ್ ಚೌಕ ದಾಟಲು ಎಷ್ಟು ಸೆಕೆಂಡ್ ಎಂದು ಬರೆಯಿರಿ: ಟಾರ್ ರಸ್ತೆಗೆ 3.6, ಗಂಟೆಗೆ 12 ಕಿಮೀ ಓಡುವ ಮಣ್ಣು ರಸ್ತೆಗೆ 9. ತೋಟದೊಳಗಿನ ಜೀಪ್ ದಾರಿಗಳು ಮರದ ನೆರಳಲ್ಲಿ ಕಾಣುವುದಿಲ್ಲ, ಅದಕ್ಕೇ ತೋಟದ ಜಾಗಕ್ಕೆಲ್ಲ 22 ಕೊಡಿ. ಕಾಡು, ಹೊಳೆ ಖಾಲಿ ಬಿಡಿ. ಆಮೇಲೆ ಗ್ರಾಸ್ ಎಂಬ ತಂತ್ರಾಂಶದ ಆರ್.ಕಾಸ್ಟ್ ಓಡಿಸಿ, ಅದು ಘಟಕದಿಂದ ಪ್ರತಿ ಚೌಕಕ್ಕೂ ಒಟ್ಟು ಸಮಯ ಕೂಡಿಸಿ ಕೊಡುತ್ತದೆ; 2700 ಸೆಕೆಂಡಿನೊಳಗಿನ ಭಾಗ ಕತ್ತರಿಸಿಕೊಳ್ಳಿ.

ಇಲ್ಲೊಂದು ಕಡೆ ನಾನು ಎರಡು ದಿನ ಒದ್ದಾಡಿದ್ದೇನೆ. ಹೊಳೆ ಒಂದೇ ಚೌಕದಷ್ಟು ತೆಳ್ಳಗಿದ್ದರೆ ಲೆಕ್ಕ ಮೂಲೆಯಿಂದ ಮೂಲೆಗೆ ನುಸುಳಿ ಆಚೆ ದಡಕ್ಕೆ ಹೋಗಿಬಿಡುತ್ತದೆ. ಹೇಮಾವತಿ ದಾಟಲು ಸೇತುವೆಯೇ ಬೇಡ ಅನ್ನುವ ಹಾಗೆ ಮ್ಯಾಪ್ ಬಂದಿತ್ತು! ಹೊಳೆಯನ್ನು ಎರಡು ಮೂರು ಚೌಕ ದಪ್ಪ ಮಾಡಿ, ಸೇತುವೆ ಇರುವಲ್ಲಿ ಮಾತ್ರ ರಸ್ತೆಯ ಬೆಲೆ ಹಾಕಿ.

ವೇಗವನ್ನು ಸುಮ್ನೆ ಊಹಿಸಬೇಡಿ. ಹಣ್ಣು ತರುವ ಪಿಕಪ್ ಡ್ರೈವರ್‌ಗಳನ್ನು ಕೇಳಿ, ಒಂದು ಹತ್ತು ಟ್ರಿಪ್ಪಿನ ಸಮಯ ಬರೆದುಕೊಳ್ಳಿ. ಲೋಡ್ ಇರುವ ಕಡೆಯ ಸಮಯವೇ ಬೇಕು, ಖಾಲಿ ಹೋಗುವಾಗಿನದಲ್ಲ. ಅದೂ ಕೊಯ್ಲಿನ ತಿಂಗಳಲ್ಲಿ. ಜುಲೈ ಮಳೆಯಲ್ಲಿ ಅಳೆದರೆ ಮಣ್ಣು ರಸ್ತೆಯ ವೇಗ ತೀರಾ ಕಡಿಮೆ ಬರುತ್ತದೆ, ಡಿಸೆಂಬರಿನಲ್ಲಿ ಅದೇ ರಸ್ತೆ ಒಣಗಿ ಗಟ್ಟಿಯಾಗಿರುತ್ತದೆ. ಡ್ರೈವರ್‌ಗಳ ಸಮಯಕ್ಕಿಂತ ಲೆಕ್ಕದ ಸಮಯ ಎಲ್ಲ ಕಡೆ ಕಡಿಮೆ ಬಂದರೆ ಟಾರ್ ರಸ್ತೆಯ 3.6 ಅನ್ನು 4, 4.5 ಮಾಡಿ ನೋಡಿ. ಒಂದೇ ದಿಕ್ಕಿನಲ್ಲಿ ತಪ್ಪಿದರೆ ಅಲ್ಲಿ ಘಾಟಿ ತಿರುವು ಜಾಸ್ತಿ ಇರುತ್ತದೆ, ಆ ತುಂಡಿಗೆ ಮಾತ್ರ ಬೇರೆ ಬೆಲೆ ಕೊಡಿ. ಕಳಸದ ಕಡೆಯ ಅಳತೆ ಸಿಕ್ಕಾಗ ಇಲ್ಲೇ ಹಾಕಿ, ನನ್ನದರ ಜೊತೆ ಹೋಲಿಸಿ ನೋಡುತ್ತೇನೆ.