ಚಿತ್ರದ ಜೊತೆ ಹೆಸರನ್ನೂ ಉಳಿಸಿಕೊಳ್ಳಿ

ಓದುಗರ ಪತ್ರ:

“ಸಂಪಾದಕರೇ, ನಾನು ಎರಡು ವರ್ಷದಿಂದ ಇಲಸ್ಟ್ರೇಷನ್ ಕಲಿಯುತ್ತಿದ್ದೇನೆ. ಒಳ್ಳೆಯ ಚಿತ್ರ ಕಂಡಾಗಲೆಲ್ಲ ಫೋನಿನಲ್ಲಿ ಉಳಿಸಿಕೊಳ್ಳುತ್ತೇನೆ. ಈಗ ನಾಲ್ಕು ಸಾವಿರ ದಾಟಿದೆ. ಆದರೆ ಚಿತ್ರ ಬರೆಯಲು ಕೂತರೆ ಒಂದೂ ನೆರವಿಗೆ ಬರುವುದಿಲ್ಲ. ಎಲ್ಲವೂ ಒಂದೇ ಥರ ಕಾಣಿಸುತ್ತವೆ. ಈ ಕಾಲದ ಒಳ್ಳೆಯ ಕಲೆ, ಡಿಸೈನ್ ಎಲ್ಲಿ ಸಿಗುತ್ತದೆ? ನನ್ನ ಹತ್ತಿರದಲ್ಲಿ ದೊಡ್ಡ ಗ್ಯಾಲರಿ ಯಾವುದೂ ಇಲ್ಲ. ತುಂಬಾ ಇಷ್ಟವಾದ ಒಂದು ಚಿತ್ರವನ್ನು ಜೊತೆಗೆ ಕಳಿಸಿದ್ದೇನೆ. ಯಾರದ್ದು ಅಂತ ಗೊತ್ತಿಲ್ಲ. ದಯವಿಟ್ಟು ನನ್ನ ಹೆಸರು ಹಾಕಬೇಡಿ.”

ಸಂಪಾದಕರ ಉತ್ತರ:

ಪ್ರಿಯ ಗೆಳತಿ,

ನೀವು ಕಳಿಸಿದ ಚಿತ್ರದಿಂದಲೇ ಶುರು ಮಾಡೋಣ. ಒಂದು ಹಾಳೆ. ಅದರ ಮೇಲೆ ಎರಡು ನಿಜವಾದ ಬಾಳೆಹಣ್ಣು. ಅವುಗಳಿಗೆ ಸೇರಿಕೊಂಡಂತೆ ಕಪ್ಪು ಶಾಯಿಯ ಗೆರೆಗಳು. ಅಷ್ಟೇ. ಆದರೆ ನೋಡುತ್ತಿದ್ದಂತೆ ಹಣ್ಣು ಮರೆತುಹೋಗಿ ಕುದುರೆ ಕಾಣಿಸುತ್ತದೆ. ಬಾಳೆಹಣ್ಣಿನ ಬಾಗು ಕುದುರೆಯ ಹಿಂಭಾಗದ ಬಾಗಿಗೆ ಸರಿಯಾಗಿ ಕೂತಿದೆ. ಒಮ್ಮೆ ಹಾಗೆ ಕಂಡ ಮೇಲೆ ಮತ್ತೆ ಅದನ್ನು ಬರೀ ಹಣ್ಣಾಗಿ ನೋಡುವುದೇ ಕಷ್ಟ. ನಿಮಗೆ ಇಷ್ಟವಾದದ್ದರಲ್ಲಿ ಆಶ್ಚರ್ಯವಿಲ್ಲ. ನನಗೂ ಇಷ್ಟವಾಯಿತು.

ಇದು ಕ್ರಿಸ್ಟೊಫ್ ನೀಮನ್ ಅವರ ಚಿತ್ರ. 1970ರಲ್ಲಿ ಜರ್ಮನಿಯಲ್ಲಿ ಹುಟ್ಟಿದವರು. ನ್ಯೂಯಾರ್ಕರ್ ಪತ್ರಿಕೆಗೆ ಎಷ್ಟೋ ಮುಖಪುಟ ಬರೆದಿದ್ದಾರೆ. ಇಂಥ ಚಿತ್ರಗಳ ಸರಣಿಯನ್ನು ಅವರು ‘ಭಾನುವಾರದ ಸ್ಕೆಚ್’ ಎಂದು ಕರೆಯುತ್ತಾರೆ. ಯಾರೂ ಕೇಳದೆ, ತಮಗಾಗಿಯೇ ಮಾಡಿಕೊಂಡ ಕೆಲಸ ಇದು. ಮನೆಯಲ್ಲಿರುವ ಯಾವುದಾದರೂ ಒಂದು ವಸ್ತುವನ್ನು ಹಾಳೆಯ ಮೇಲೆ ಇಡುವುದು. ಅದು ಇನ್ನೇನೋ ಆಗಿ ಕಾಣುವವರೆಗೂ ನೋಡುವುದು. ಆಮೇಲೆ ಉಳಿದದ್ದನ್ನು ಗೆರೆಯಲ್ಲಿ ತುಂಬುವುದು.

ಹೆಸರು ಹುಡುಕಲು ನನಗೆ ಎರಡು ನಿಮಿಷ ಸಾಕಾಯಿತು. ಚಿತ್ರವನ್ನೇ ಕೊಟ್ಟು ಹುಡುಕುವ ಸೌಲಭ್ಯ ಗೂಗಲ್‌ನಲ್ಲಿ 2011ರಿಂದ ಇದೆ. ಅದಕ್ಕೂ ಮೊದಲು, 2008ರಲ್ಲೇ, ಟಿನ್‌ಐ ಎಂಬ ತಾಣ ಇದೇ ಕೆಲಸ ಶುರು ಮಾಡಿತ್ತು. ಆ ಎರಡು ನಿಮಿಷದಲ್ಲಿ ಏನಾಯಿತು ನೋಡಿ. ನಿಮ್ಮ ಹತ್ತಿರ ಇದ್ದದ್ದು ಒಂದೇ ಚಿತ್ರ. ಹೆಸರು ಸಿಕ್ಕಿದ ಕೂಡಲೇ ಇಡೀ ಸರಣಿ ಸಿಕ್ಕಿತು. ಸರಣಿ ಸಿಕ್ಕಿದ ಮೇಲೆ ಅವರು ಕೆಲಸ ಮಾಡುವ ರೀತಿ ಸಿಕ್ಕಿತು. ಆ ರೀತಿ ನೀವೂ ನಾಳೆ ಬೆಳಿಗ್ಗೆ ನಿಮ್ಮ ಮೇಜಿನ ಮೇಲಿರುವ ಕತ್ತರಿಯನ್ನೋ ಕೀಲಿಕೈಯನ್ನೋ ಇಟ್ಟುಕೊಂಡು ಮಾಡಿ ನೋಡಬಹುದಾದದ್ದು. ಚಿತ್ರ ಬರೆಯಲು ಕೂತಾಗ ನೆರವಿಗೆ ಬರುವುದು ಇಂಥದ್ದು. ನಿಮ್ಮ ನಾಲ್ಕು ಸಾವಿರದಲ್ಲಿ ಎಷ್ಟು ಚಿತ್ರಕ್ಕೆ ಹೆಸರಿದೆ? ಸುಮ್ನೆ ಒಮ್ಮೆ ಎಣಿಸಿ.

ಹೆಸರಿನ ಬಗ್ಗೆ ಇಷ್ಟು ಒತ್ತಿ ಹೇಳಲು ಒಂದು ಕಾರಣವಿದೆ. ಹಲವು ವರ್ಷದ ಹಿಂದೆ ನಮ್ಮದೇ ಪತ್ರಿಕೆಯಲ್ಲಿ ಒಂದು ಲೇಖನಕ್ಕೆ ಚಂದದ ಚಿತ್ರ ಹಾಕಿ, ಕೆಳಗೆ ‘ಚಿತ್ರ ಕೃಪೆ: ಅಂತರ್ಜಾಲ’ ಎಂದು ಅಚ್ಚು ಮಾಡಿದೆವು. ಅದನ್ನು ಬರೆದ ಕಲಾವಿದೆ ನನಗೆ ಫೋನ್ ಮಾಡಿದರು. ಸಿಟ್ಟಿನಿಂದ ಮಾತಾಡಲಿಲ್ಲ. “ಅದಕ್ಕೆ ಹನ್ನೊಂದು ದಿನ ಕೂತಿದ್ದೆ ಸರ್. ನನ್ನ ಹೆಸರು ಅಂತರ್ಜಾಲ ಅಲ್ಲ” ಎಂದರು. ಆ ಮಾತು ಇವತ್ತಿಗೂ ಕಿವಿಯಲ್ಲಿದೆ. ತಪ್ಪು ನನ್ನದು. ಮುಂದಿನ ಸಂಚಿಕೆಯಲ್ಲಿ ಅವರ ಹೆಸರು ಹಾಕಿ ಕ್ಷಮೆ ಕೇಳಿದೆ, ಸಂಭಾವನೆಯನ್ನೂ ಕಳಿಸಿದೆ. ಅಂದಿನಿಂದ ಹೆಸರು ಸಿಗದ ಚಿತ್ರ ನಮ್ಮ ಪುಟಕ್ಕೆ ಬರುವುದಿಲ್ಲ. ಜಾಗ ಖಾಲಿ ಉಳಿದರೂ ಸರಿ.

ಇನ್ನು, ಎಲ್ಲವೂ ಒಂದೇ ಥರ ಕಾಣಿಸುತ್ತವೆ ಎಂಬ ಮಾತು. ಅದು ನಿಮ್ಮ ಕಣ್ಣಿನ ದೋಷವಲ್ಲ. ಇನ್‌ಸ್ಟಾಗ್ರಾಮ್‌ನಲ್ಲಿ ಮೊದಲು ಹೊಸದಾಗಿ ಹಾಕಿದ ಚಿತ್ರ ಮೇಲೆ ಬರುತ್ತಿತ್ತು. 2016ರಲ್ಲಿ ಅದನ್ನು ಬದಲಾಯಿಸಿದರು. ನಿಮಗೆ ಏನು ಹಿಡಿಸಬಹುದು ಎಂದು ಲೆಕ್ಕ ಹಾಕಿ ಅದನ್ನೇ ಮುಂದೆ ತರುವ ಏರ್ಪಾಡು ಬಂತು. ನೀವು ನಿನ್ನೆ ಯಾವುದರ ಮುಂದೆ ನಿಂತಿರೋ ಅಂಥದ್ದೇ ಇವತ್ತು ಇನ್ನೂ ಹತ್ತು ಬರುತ್ತವೆ. ಹತ್ತರಲ್ಲಿ ಎರಡರ ಮುಂದೆ ನಿಂತರೆ ನಾಳೆ ಅವುಗಳ ನೆಂಟರು. ತಿಂಗಳು ಕಳೆಯುವಷ್ಟರಲ್ಲಿ ಅದೇ ತಿಳಿ ಗುಲಾಬಿ, ಅದೇ ಉದ್ದ ಕೈಕಾಲಿನ ಮನುಷ್ಯರು, ಅದೇ ಎಲೆ ಬಳ್ಳಿ. ಇದರಿಂದ ಹೊರಗೆ ಬರಬೇಕೆಂದರೆ ನೀವೇ ಒಂದು ಹೆಸರು ಹಿಡಿದು ಹುಡುಕಿಕೊಂಡು ಹೋಗಬೇಕು. ನನಗೆ ಗೊತ್ತಿರುವ ದಾರಿ ಅದೊಂದೇ.

ಹೆಸರು ಹಿಡಿದು ಹೋದರೆ ಎಲ್ಲಿಗೆ ತಲುಪಬಹುದು? ನನಗೆ ಬಹಳ ಪ್ರಿಯವಾದ ಒಂದು ಉದಾಹರಣೆ ಹೇಳುತ್ತೇನೆ. 1966ರಲ್ಲಿ ಅಮೆರಿಕದ ಡಿಸೈನರ್ ಮಿಲ್ಟನ್ ಗ್ಲೇಸರ್ ಅವರು ಗಾಯಕ ಬಾಬ್ ಡಿಲನ್ ಅವರ ಒಂದು ಪೋಸ್ಟರ್ ಮಾಡಿದರು. ರೆಕಾರ್ಡಿನ ಜೊತೆ ಮಡಚಿ ಕೊಡಲು ಮಾಡಿದ್ದು. ಪಕ್ಕದಿಂದ ಕಾಣುವ ಕಪ್ಪು ಮುಖ, ನೆರಳಿನ ಹಾಗೆ. ತಲೆಗೂದಲು ಮಾತ್ರ ಬಣ್ಣಬಣ್ಣದ ಸುರುಳಿ. ನೀವೂ ಎಲ್ಲೋ ನೋಡಿರುತ್ತೀರಿ. ನೋಡಿದವರಿಗೆ ಇದು ಎಲ್ಲಿಂದಲೂ ಬಾರದೆ ಒಮ್ಮೆಲೇ ಹುಟ್ಟಿದ ಹಾಗೆ ಅನ್ನಿಸುತ್ತದೆ, ಅಲ್ವಾ? ಆದರೆ ಗ್ಲೇಸರ್ ಅದರ ಮೂಲವನ್ನು ತಾವೇ ಹೇಳಿಕೊಂಡಿದ್ದಾರೆ. ಆ ಕಪ್ಪು ಮುಖದ ಕಲ್ಪನೆ ಬಂದದ್ದು ಕಲಾವಿದ ಮಾರ್ಸೆಲ್ ದುಶಾಂ 1957ರಲ್ಲಿ ಮಾಡಿದ ತಮ್ಮದೇ ಪಕ್ಕದ ಮುಖದ ಚಿತ್ರದಿಂದ. ಕೂದಲಿನ ಬಣ್ಣ, ಸುರುಳಿ ಬಂದದ್ದು ಇಸ್ಲಾಮಿ ಚಿತ್ರಕಲೆಯಿಂದ. ಕೆಳಗಿನ ಅಕ್ಷರಗಳು ಬಂದದ್ದು ಮೆಕ್ಸಿಕೊ ಸಿಟಿಯ ಒಬ್ಬ ದರ್ಜಿಯ ಬೋರ್ಡಿನಿಂದ. ಯಾರೋ ಕೈಯಲ್ಲಿ ಬರೆದ ಬೋರ್ಡು. ಅದರಲ್ಲಿ ಇಂಗ್ಲಿಷಿನ ‘E’ ಅಕ್ಷರ ಮೆಟ್ಟಿಲಿನ ಹಾಗಿತ್ತು. ಅಕ್ಷರ ಗೊತ್ತಿಲ್ಲದವರಿಗೆ ಮಾತ್ರ ಹಾಗೆ ಬರೆಯಲು ಸಾಧ್ಯ ಎಂದು ಗ್ಲೇಸರ್‌ಗೆ ಅನ್ನಿಸಿತು. ಅದನ್ನು ಮನಸ್ಸಲ್ಲಿ ಇಟ್ಟುಕೊಂಡು ಇಡೀ ಅಕ್ಷರಮಾಲೆ ಮಾಡಿದರು.

ಈ ಪೋಸ್ಟರನ್ನು ನಾನು ಮೂವತ್ತು ವರ್ಷದಿಂದ ನೋಡುತ್ತಿದ್ದೇನೆ. ದರ್ಜಿಯ ಬೋರ್ಡಿನ ವಿಷಯ ತಿಳಿದ ದಿನ ಅದು ನನಗೆ ಹೊಸದಾಗಿ ಕಂಡಿತು. ಒಂದು ಚಿತ್ರದಿಂದ ಹೊರಟು ಮೂರು ಕಡೆ ಹೋಗಬಹುದು. ಆ ಮೂರರಿಂದ ಇನ್ನೂ ಎಷ್ಟೋ ಕಡೆ. ನಿಮ್ಮ ಫೋನಿನಲ್ಲಿರುವ ಯಾವ ಫೀಡೂ ಡಿಲನ್‌ನಿಂದ ದರ್ಜಿಯ ಬೋರ್ಡಿಗೆ ನಿಮ್ಮನ್ನು ಕರೆದುಕೊಂಡು ಹೋಗುವುದಿಲ್ಲ.

ಎರಡನೆಯ ಮಾತು ಅಳತೆಯದು. ಇದನ್ನು ಹೊಸಬರು ಗಮನಿಸುವುದೇ ಇಲ್ಲ. ಫೋನಿನಲ್ಲಿ ಎಲ್ಲ ಚಿತ್ರವೂ ಅಂಗೈಯಷ್ಟೇ. 1999ರಲ್ಲಿ ಜಪಾನಿನ ಶಿಗೆತಾಕಾ ಕುರಿತಾ ಮೊಬೈಲಿಗಾಗಿ 176 ಎಮೋಜಿ ಮಾಡಿದರು. ಒಂದೊಂದಕ್ಕೂ ಸಿಕ್ಕ ಜಾಗ ಅಡ್ಡಕ್ಕೆ 12, ಉದ್ದಕ್ಕೆ 12 ಚುಕ್ಕಿ. ಒಟ್ಟು 144 ಚುಕ್ಕಿಯಲ್ಲಿ ಛತ್ರಿ, ಹೃದಯ, ಮಳೆ ಎಲ್ಲ ಬರಬೇಕು. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ 2016ರಲ್ಲಿ ಅವನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ಇನ್ನೊಂದು ಕಡೆ ಶಿಲ್ಪಿ ಎಲ್ ಅನಾಟ್ಸುಯಿ ಇದ್ದಾರೆ. 1944ರಲ್ಲಿ ಘಾನಾದಲ್ಲಿ ಹುಟ್ಟಿ ನೈಜೀರಿಯಾದಲ್ಲಿ ದಶಕಗಟ್ಟಲೆ ಕೆಲಸ ಮಾಡಿದವರು. ಅವರ ಸಾಮಗ್ರಿ ಮದ್ಯದ ಬಾಟಲಿಯ ಮುಚ್ಚಳ. ಸಾವಿರಾರು ಮುಚ್ಚಳಗಳನ್ನು ಚಪ್ಪಟೆ ಮಾಡಿ, ಮಡಚಿ, ತಿರುಚಿ, ತಾಮ್ರದ ತಂತಿಯಿಂದ ಒಂದಕ್ಕೊಂದು ಹೆಣೆಯುತ್ತಾರೆ. ದೂರದಿಂದ ಜರಿಯ ಬಟ್ಟೆ. ಹತ್ತಿರ ಹೋದರೆ ಮುಚ್ಚಳದ ಮೇಲಿನ ಕಂಪನಿಯ ಹೆಸರೂ ಓದಬಹುದು. ಲೋಹವಾದರೂ ಅದು ಬಟ್ಟೆಯ ಹಾಗೆ ನೆರಿಗೆ ಬೀಳುತ್ತದೆ. ಹೇಗೆ ತೂಗುಹಾಕಬೇಕು ಎಂಬುದನ್ನು ಅವರು ಎಷ್ಟೋ ಸಲ ಪ್ರದರ್ಶನದವರಿಗೇ ಬಿಡುತ್ತಾರೆ. ಹಾಗಾಗಿ ಒಂದೇ ಕೃತಿ ಒಂದೊಂದು ಕಡೆ ಒಂದೊಂದು ಥರ. 2015ರಲ್ಲಿ ಅವರಿಗೆ ವೆನಿಸ್ ಬಿನಾಲೆ ಎಂಬ ದೊಡ್ಡ ಕಲಾ ಪ್ರದರ್ಶನದ ಜೀವಮಾನ ಸಾಧನೆಯ ಗೋಲ್ಡನ್ ಲಯನ್ ಬಂತು. 2023ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಮ್ಯೂಸಿಯಂನ ಟರ್ಬೈನ್ ಹಾಲ್‌ನಲ್ಲಿ ಅವರ ಕೆಲಸ ಹಡಗಿನ ಹಾಯಿಯ ಹಾಗೆ ಮೇಲಿನಿಂದ ಇಳಿದಿತ್ತು.

ಈಗ ಹೇಳಿ. 144 ಚುಕ್ಕಿಯ ಛತ್ರಿಯೂ ಆ ಹಾಯಿಯೂ ನಿಮ್ಮ ಫೋನಿನಲ್ಲಿ ಅಕ್ಕಪಕ್ಕ ಒಂದೇ ಅಳತೆಯ ಚೌಕದಲ್ಲಿ ಕೂತರೆ ಒಂದೇ ಥರ ಕಾಣದೆ ಇರುತ್ತವೆಯೇ? ಅದಕ್ಕೇ ಅಡಿಬರಹ ಓದಿ ಎನ್ನುತ್ತೇನೆ. ಹೆಸರು, ಇಸವಿ, ಯಾವುದರಿಂದ ಮಾಡಿದ್ದು, ಎಷ್ಟು ದೊಡ್ಡದು. ಗ್ಯಾಲರಿಯ ಗೋಡೆಯ ಮೇಲೆ ಇವುಗಳಲ್ಲಿ ಹೆಚ್ಚಿನವು ಇರುತ್ತವೆ, ಮ್ಯೂಸಿಯಂನ ಪುಟದಲ್ಲಿ ಸಾಮಾನ್ಯವಾಗಿ ನಾಲ್ಕೂ ಇರುತ್ತವೆ. ಅಳತೆ ಓದಿದ ಮೇಲೆ ಒಮ್ಮೆ ಎದ್ದು, ನಿಮ್ಮ ಕೋಣೆಯ ಗೋಡೆಯ ಮೇಲೆ ಅದು ಎಲ್ಲಿಂದ ಎಲ್ಲಿಯವರೆಗೆ ಬರುತ್ತದೆ ಎಂದು ಕೈಯಿಂದ ಅಳೆದು ನೋಡಿ. ನಾನು ಈಗಲೂ ಹಾಗೆ ಮಾಡುತ್ತೇನೆ.

ಹತ್ತಿರದಲ್ಲಿ ಗ್ಯಾಲರಿ ಇಲ್ಲ ಎಂದು ಬರೆದಿದ್ದೀರಿ. ಪುಸ್ತಕ ಇದೆಯಲ್ಲ! ಮಕ್ಕಳ ಚಿತ್ರಪುಸ್ತಕವನ್ನು ಮಕ್ಕಳಿಗೆ ಬಿಟ್ಟುಕೊಡಬೇಡಿ. ಈ ಕಾಲದ ಅತ್ಯುತ್ತಮ ಇಲಸ್ಟ್ರೇಷನ್ ಜಾಸ್ತಿ ಇರುವುದು ಅಲ್ಲೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕೊರಿಯಾದ ಸುಜಿ ಲೀ ಅವರನ್ನೇ ನೋಡಿ. ಅವರ ಒಂದು ಪುಸ್ತಕದಲ್ಲಿ ಮಾತೇ ಇಲ್ಲ. ಎಡಪುಟದಲ್ಲಿ ದಡ, ಅಲ್ಲಿ ಒಬ್ಬಳು ಪುಟ್ಟ ಹುಡುಗಿ. ಬಲಪುಟದಲ್ಲಿ ಕಡಲು. ಹುಡುಗಿ ಇದ್ದಲಿನ ಕಪ್ಪು, ಕಡಲು ನೀಲಿ. ನಡುವೆ ಪುಸ್ತಕದ ಮಡಿಕೆ. ಮೊದಮೊದಲು ಅಲೆ ಆ ಮಡಿಕೆಯನ್ನು ದಾಟುವುದಿಲ್ಲ. ಹುಡುಗಿ ಅಣಕಿಸುತ್ತಾಳೆ, ಓಡುತ್ತಾಳೆ. ಆಮೇಲೆ ಒಂದು ದೊಡ್ಡ ಅಲೆ ಮಡಿಕೆ ದಾಟಿ ಬಂದುಬಿಡುತ್ತದೆ. ಅಲ್ಲಿಂದ ಮುಂದೆ ಆಕಾಶವೂ ನೀಲಿ, ಹುಡುಗಿಯ ಅಂಗಿಯೂ ನೀಲಿ. ನಾವು ಪತ್ರಿಕೆಯವರು ಮಡಿಕೆಗೆ ಹೆದರುತ್ತೇವೆ. ಮುಖ ಅಲ್ಲಿ ಬೀಳಬಾರದು, ಅಕ್ಷರವನ್ನು ಅದು ನುಂಗಬಾರದು ಎಂದು ದಿನವೂ ಒದ್ದಾಡುತ್ತೇವೆ. ಅದನ್ನೇ ಈಕೆ ಕಥೆ ಮಾಡಿದ್ದಾರೆ. ಇದನ್ನು ಸ್ಕ್ರೀನ್‌ಶಾಟ್‌ನಲ್ಲಿ ನೋಡಿದರೆ ಏನೂ ತಿಳಿಯುವುದಿಲ್ಲ. ಪುಟ ತಿರುಗಿಸಬೇಕು.

ಸುಜಿ ಲೀ ಅವರಿಗೆ 2022ರಲ್ಲಿ ಮಕ್ಕಳ ಪುಸ್ತಕದವರಿಗೆ ಕೊಡುವ ಹ್ಯಾನ್ಸ್ ಕ್ರಿಶ್ಚಿಯನ್ ಆ್ಯಂಡರ್ಸನ್ ಪ್ರಶಸ್ತಿ ಬಂತು. ಈ ಪ್ರಶಸ್ತಿಯನ್ನು ಚಿತ್ರಕಾರರಿಗೆ 1966ರಿಂದ ಕೊಡುತ್ತಿದ್ದಾರೆ, ಎರಡು ವರ್ಷಕ್ಕೊಮ್ಮೆ. ಆ ಪಟ್ಟಿಯನ್ನು ಕೂತು ಓದಿ. ಬೇರೆ ಬೇರೆ ದೇಶದ ಕೈಗಳು ಅಲ್ಲಿವೆ. ಇಟಲಿಯ ಬೊಲೊನ್ಯಾ ಮಕ್ಕಳ ಪುಸ್ತಕ ಮೇಳದಲ್ಲಿ 1967ರಿಂದ ಇಲಸ್ಟ್ರೇಟರ್‌ಗಳ ಪ್ರದರ್ಶನ ನಡೆಯುತ್ತಿದೆ. ಇನ್ನೂ ಹೆಸರು ಮಾಡದವರ ಕೆಲಸವೂ ಅಲ್ಲಿ ಆಯ್ಕೆಯಾಗುತ್ತದೆ. ಹೊಸಬರನ್ನು ಹುಡುಕಲು ನಾನು ಮೊದಲು ನೋಡುವುದೇ ಅದನ್ನು. ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ತನ್ನ 1929ರಿಂದೀಚಿನ ಪ್ರದರ್ಶನಗಳ ದಾಖಲೆಯನ್ನು ಎಲ್ಲರಿಗೂ ತೆರೆದಿಟ್ಟಿದೆ. ಯಾವ ವರ್ಷ ಯಾರ ಕೆಲಸ ಗೋಡೆಗೆ ಬಂತು, ಕೋಣೆ ಹೇಗಿತ್ತು ಎಂಬುದರ ಫೋಟೊಗಳೂ ಅದರಲ್ಲಿ ಬೇಕಾದಷ್ಟಿವೆ. ದುಡ್ಡು ಕೊಡಬೇಕಿಲ್ಲ.

ಒಂದು ಎಚ್ಚರಿಕೆ. ಈಗ ಯಂತ್ರ ಮಾಡಿದ ಚಿತ್ರಗಳೂ ಬೇಕಾದಷ್ಟು ಬರುತ್ತಿವೆ. ನಿಮ್ಮ ಸಂಗ್ರಹದಲ್ಲೂ ಇರಬಹುದು. ಹುಡುಕಿದಾಗ ಬರೆದವರ ಹೆಸರಿಲ್ಲ, ಇಸವಿಯಿಲ್ಲ, ಅದೇ ಕೈಯ ಇನ್ನೊಂದು ಕೆಲಸ ಇಲ್ಲ ಎಂದಾದರೆ ನಾನು ಅದನ್ನು ಬಿಟ್ಟುಬಿಡುತ್ತೇನೆ. ಚಂದ ಇಲ್ಲ ಅಂತಲ್ಲ. ಅದನ್ನು ಹಿಡಿದು ಮುಂದೆ ಹೋಗಲು ದಾರಿ ಇಲ್ಲ.

ಈ ನಾಲ್ಕು ಸಾವಿರವನ್ನು ಅಳಿಸಿಬಿಡಲೇ ಎಂದು ನೀವು ಕೇಳಿಲ್ಲ. ಆದರೆ ಮನಸ್ಸಿನಲ್ಲಿ ಇರಬಹುದು. ಅಳಿಸಬೇಡಿ. ನಿಮ್ಮ ಕಣ್ಣು ಯಾವುದರ ಮುಂದೆ ನಿಂತಿತ್ತು ಎಂಬುದಕ್ಕೆ ಅದು ಸಾಕ್ಷಿ. ಅದರಲ್ಲಿ ಹತ್ತು ಆರಿಸಿ. ಜನ ಮೆಚ್ಚಿದ್ದು ಬೇಡ, ನೀವು ಬಿಡಲಾರದ ಹತ್ತು. ಒಂದೊಂದಕ್ಕೂ ಹೆಸರು ಹುಡುಕಿ. ಆಮೇಲೆ ಆ ಚಿತ್ರವನ್ನು ಪೆನ್ಸಿಲ್‌ನಲ್ಲಿ ನಿಮ್ಮ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. ನಕಲು ಮಾಡಿ ಯಾರಿಗೂ ತೋರಿಸಬೇಕಿಲ್ಲ. ನೋಡುವಾಗ ತಪ್ಪಿಸಿಕೊಂಡದ್ದು ಬರೆಯುವಾಗ ಸಿಕ್ಕಿಬೀಳುತ್ತದೆ. ನಿಮ್ಮ ಬಾಳೆಹಣ್ಣಿನ ಕುದುರೆಯನ್ನು ನಾನೂ ನಿನ್ನೆ ರಾತ್ರಿ ಬರೆದು ನೋಡಿದೆ. ಎಷ್ಟು ಕಡಿಮೆ ಗೆರೆಯಲ್ಲಿ ಅವರು ನಿಲ್ಲಿಸಿದ್ದಾರೆ ಎಂಬುದು ಆಗಲೇ ನನಗೆ ಗೊತ್ತಾದದ್ದು. ನನಗೆ ಅದರ ಎರಡರಷ್ಟು ಗೆರೆ ಬೇಕಾಯಿತು.

ಹತ್ತರಲ್ಲಿ ಯಾವುದಕ್ಕೆ ಹೆಸರು ಸಿಗದಿದ್ದರೂ ನನಗೆ ಕಳಿಸಿ. ನಮ್ಮ ಕಲಾ ವಿಭಾಗದವರು ಕೂತು ಹುಡುಕುತ್ತೇವೆ. ಸಿಕ್ಕಿದ ಹೆಸರುಗಳನ್ನು ಇದೇ ಪುಟದಲ್ಲಿ, ಚಿತ್ರದ ಪಕ್ಕದಲ್ಲೇ, ಚೆನ್ನಾಗಿ ಓದಲು ಬರುವಷ್ಟು ದೊಡ್ಡ ಅಕ್ಷರದಲ್ಲಿ ಹಾಕುತ್ತೇನೆ.

– ಸಂಪಾದಕ